ಎರಡು ಫಿಯಟ್ ಸೇರಿದ ಒಂದು ಕಾರು

ತೊಂಬತ್ತರ ದಶಕದ ಒಂದು ಆಯುಧಪೂಜೆಯ ಬೆಳಿಗ್ಗೆ. ವಿನೋಬನಗರದ ನಮ್ಮ ಮನೆ ಮುಂದೆ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಿದ್ದೆ. ಸೇವಂತಿಗೆ ಹಾರ ಹಿಡಿದ ಹೆಂಗಸೊಬ್ಬರು ಗೇಟಿನ ಬಳಿ ನಿಂತರು. ತೀರಿಹೋದ ಗಂಡನ ಹಳೇ ಫಿಯಟ್ಟನ್ನು ಹಿಂದಿನ ವರ್ಷ ನನಗೆ ಮಾರಿದ್ದ ಭದ್ರಾವತಿಯವರು.

"ನಮ್ಮ ಯಜಮಾನ್ರ ಗಾಡಿಗೊಂದು ಹಾರ ಹಾಕಿ ಹೋಗ್ತೀನಿ ಅಣ್ಣಾ. ಇದೇ ಅಲ್ವಾ? ಬಣ್ಣ ಬದಲಾಯ್ಸಿಬಿಟ್ಟಿದೀರ!"

ಗಾಡಿ ಬಿಚ್ಚುವುದಿಲ್ಲ, ಓಡಿಸುತ್ತೇನೆ ಎಂದು ಅವರಿಗೆ ಮಾತು ಕೊಟ್ಟಿದ್ದೆ. ಆದರೆ ನನಗೆ ಹಳೇ ಕಾರಿನ ಹುಚ್ಚು ದೊಡ್ಡದು, ಸಂಬಳ ಸಣ್ಣದು. ಅದರ ಎಂಜಿನ್, ಗೇರ್‌ಬಾಕ್ಸ್ ಬಿಚ್ಚಿಸಿ, ನನ್ನಲ್ಲೇ ಕೆಟ್ಟು ನಿಂತಿದ್ದ ಇನ್ನೊಂದು ಫಿಯಟ್ಟಿಗೆ ಹಾಕಿಸಿ, ಉಳಿದದ್ದನ್ನೆಲ್ಲ ಗುಜರಿಗೆ ಕೊಟ್ಟಿದ್ದೆ.

"ಹೌದಮ್ಮ, ಇದೇ" ಎಂದೆ.

ಹಾರ ಹಾಕಿದ ಮೇಲೆ ಅವರು ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕುಳಿತರು. ಹರಿದ ರೆಕ್ಸಿನ್ ಸವರುತ್ತಾ ಕಣ್ಣೊರೆಸಿಕೊಂಡರು.

"ಎಲ್ಲಾ ಹೊಸದು ಮಾಡ್ಸಿದ್ರೂ ಸೀಟು ಮಾತ್ರ ಹಾಗೇ ಬಿಟ್ಟಿದೀರ. ನಮ್ಮವರ ಬೀಡಿ ವಾಸನೆ ಇನ್ನೂ ಹೋಗಿಲ್ಲ ನೋಡಿ."

ಆ ಸೀಟು ನನ್ನ ಫಿಯಟ್ಟಿನದು. ಅವರ ಸೀಟು ಗುಜರಿಗೆ ಹೋಗಿತ್ತು. ನಾನೋ ಬೀಡಿ ಮುಟ್ಟಿದವನೇ ಅಲ್ಲ.

ನಿಜವನ್ನು ಅವತ್ತು ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಈಗ ಅವರೂ ಇಲ್ಲ. ಹೇಳಬೇಕಿತ್ತೋ ಏನೋ, ಈ ವಯಸ್ಸಿನಲ್ಲೂ ನನಗೆ ತಿಳಿಯುತ್ತಿಲ್ಲ. ಕಾರಿನ ಬಾಗಿಲು ತೆಗೆದಾಗ ಒಮ್ಮೊಮ್ಮೆ ನನಗೂ ಬೀಡಿ ವಾಸನೆ ಬರುತ್ತದೆ.