ವೈರ್ ಹಾಕದ ಡಬ್ಬದ ಸದ್ದು

ನಂಬದವರು ಹಿನಕಲ್‌ಗೆ ಬಂದು ಆಟೋ ಅಂತೋಣಿಯನ್ನೇ ಕೇಳಿ. ನಾನು ಕುಡಿಯುವವನಲ್ಲ, ದೆವ್ವಗಿವ್ವ ಅಂತ ಬಾಯಿ ಬಡಿದುಕೊಳ್ಳುವವನೂ ಅಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನೆನೆದರೆ ನನಗೆ ಹೆದರಿಕೆಗಿಂತ ಮೊದಲು ವಾಕರಿಕೆ ಬರುತ್ತದೆ.

ನಾನು ಎಲೆಕ್ಟ್ರಿಕ್ ಗಾಡಿಗಳಿಗೆ ಸದ್ದಿನ ಡಬ್ಬ ಕೂರಿಸುತ್ತಿದ್ದವನು. ಈ ಗಾಡಿಗಳು ಸದ್ದಿಲ್ಲದೆ ಬೆನ್ನಿಗೇ ಬಂದುಬಿಡುತ್ತವೆ. ನಡೆಯುವವರಿಗೆ ತಿಳಿಯಲೆಂದು, ಗಾಡಿ ನಿಧಾನವಾಗಿ ಓಡುವಾಗ ಡಬ್ಬ ಗುಂಯ್ ಎನ್ನುತ್ತದೆ. ಇದು ಕಡ್ಡಾಯವಾಗುತ್ತದಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಒಂಟಿಕೊಪ್ಪಲು, ಜಯಲಕ್ಷ್ಮಿಪುರಂ ಕಡೆಯ ಹಳೆ ಗಾಡಿಗಳೆಲ್ಲ ನಮ್ಮ ಅಂಗಡಿ ಮುಂದೆ ಸಾಲುಗಟ್ಟಿದವು. ಮಾಲೀಕ ಪುಟ್ಟರಾಜುವಿಗೆ ಹಬ್ಬವೋ ಹಬ್ಬ. ಹೊಸ ಮಾಲು ಸಾಲದೆ ಹೋದಾಗ ಆ ಪುಣ್ಯಾತ್ಮ ಏನು ಮಾಡಿದ ಗೊತ್ತೇ? ಅಪಘಾತವಾಗಿ ಗುಜರಿ ಸೇರಿದ ಗಾಡಿಗಳಿಂದ ಡಬ್ಬ ಕಿತ್ತು ತಂದು, ಒರೆಸಿ, ಹೊಸ ಸ್ಟಿಕ್ಕರ್ ಅಂಟಿಸಿ ಮಾರತೊಡಗಿದ. ಥೂ!

ಆ ದಿನ ಕತ್ತಲಾದ ಮೇಲೆ ಅಂತೋಣಿ ತನ್ನ ಆಟೋ ತಂದ. ಜೊತೆಗೆ ಹೆಂಡತಿ ಫಿಲೋಮಿನಾ. ಸಕ್ಕರೆ ಕಾಯಿಲೆಯಿಂದ ಆಕೆಯ ಎರಡೂ ಕಣ್ಣು ಹೋಗಿವೆ. ಹಿಂದಿನ ವಾರ ಮನೆ ಮುಂದಿನ ಓಣಿಯಲ್ಲಿ ಗಂಡನ ಆಟೋವೇ ಆಕೆಯ ಸೆರಗು ಸವರಿಕೊಂಡು ಹೋಗಿತ್ತಂತೆ.

"ಒಂದ್ ಗೇಣು ಕಣ್ರೀ ಮಾದೇವಣ್ಣ. ನನ್ ಕೈಯಾರೆ ನಾನೇ ಇವಳನ್ನ ಸಾಯಿಸ್ಬುಡ್ತಿದ್ದೆ," ಎಂದ ನನ್ನ ಕೈ ಹಿಡಿದು.

ಪುಟ್ಟರಾಜು ಒಳಗಿನಿಂದ ಒಂದು ಡಬ್ಬ ತಂದುಕೊಟ್ಟ. ಅದರ ಜಾಲರಿಯಲ್ಲಿ ಏನೋ ಕಪ್ಪಗೆ ಹೆಪ್ಪುಗಟ್ಟಿತ್ತು. ಸ್ಕ್ರೂಡ್ರೈವರಿನಿಂದ ಕೆರೆದೆ... ಉದುರಲಿಲ್ಲ. ಲೋಳೆಯಾಗಿ ಬೆರಳಿಗೆ ಅಂಟಿತು. ಮೀನಂಗಡಿಯ ಮೋರಿಯಂಥ ನಾತ.

"ಅಣ್ಣ, ಇದು ಬೇಡ," ಎಂದು ಪಿಸುಗುಟ್ಟಿದೆ.

"ಒರೆಸಿ ಆಕೋ ಸುಮ್ನೆ. ಆಯಮ್ಮಂಗೇನ್ ಕಾಣ್ಸುತ್ತಾ?"

ಆ ಮಾತಿಗೆ ಮೈ ಉರಿಯಿತು. ಡಬ್ಬವನ್ನು ಆಟೋದ ಕೆಳಗೆ ಬಿಗಿದೆನಾದರೂ ನಾತ ತಡೆಯಲಾಗದೆ, ವೈರನ್ನೂ ಸೇರಿಸದೆ, ಹಿಂದಿನ ನಲ್ಲಿಗೆ ಓಡಿದೆ. ಎಷ್ಟು ಸೋಪು ಹಚ್ಚಿದರೂ ಬೆರಳಿನ ಅಂಟು ಹೋಗಲಿಲ್ಲ.

ನಮ್ಮಲ್ಲೊಂದು ಪದ್ಧತಿ ಇತ್ತು. ಡಬ್ಬ ಕೂರಿಸಿದ ಮೇಲೆ ನಾನು ಗಾಡಿಗೆ ಬೆನ್ನು ಹಾಕಿ ನಡೆಯುತ್ತಿದ್ದೆ, ಗಾಡಿ ಹಿಂದೆ ಬರುತ್ತಿತ್ತು. ಸದ್ದು ಕೇಳಿದೊಡನೆ ಕೈಯೆತ್ತಿ ಪಕ್ಕಕ್ಕೆ ಸರಿಯಬೇಕು. ಅಂದು ಫಿಲೋಮಿನಾ, "ಕೇಳಿಸ್ಬೇಕಾಗಿರೋದು ನಂಗೆ ತಾನೆ? ನಾನೇ ನಡೀತೀನಿ," ಎಂದು ಹಟ ಹಿಡಿದಳಂತೆ. ಕೆಲಸ ಮುಗಿದಿದೆ ಎಂದುಕೊಂಡ ಪುಟ್ಟರಾಜು ಹೂಂ ಅಂದುಬಿಟ್ಟಿದ್ದ.

ನಾನು ಬರುವಷ್ಟರಲ್ಲಿ ಆಕೆ ಅಡ್ಡರಸ್ತೆಯ ಕತ್ತಲಲ್ಲಿ ತಡವರಿಸುತ್ತಾ ನಡೆಯುತ್ತಿದ್ದಳು. ಹಿಂದೆಯೇ ಆಟೋ... ಸದ್ದೇ ಇಲ್ಲ. ಕೆಳಗೆ ವೈರು ಜೋತಾಡುತ್ತಿತ್ತು. ಕೂಗಲು ಬಾಯಿ ತೆರೆದೆ.

ಅಷ್ಟರಲ್ಲಿ ಆಕೆ ಕೈಯೆತ್ತಿ ಪಕ್ಕಕ್ಕೆ ಸರಿದಳು. ಆಟೋ ಮುಂದೆ ಹೋಗಿ ನಿಂತಿತು.

"ಚೆನ್ನಾಗ್ ಕೇಳಿಸ್ತು ಕಣ್ರೀ," ಎಂದಳು ಮುಖ ಕಿವುಚಿಕೊಂಡು. "ಆದ್ರೆ ಅದೆಂಥಾ ಶಬ್ದ ಇಟ್ಟಿದೀರಾ? ಗಂಟಲ ತುಂಬಾ ಕಫ ಕಟ್ಟಿರೋರು ಉಸಿರು ಎಳೀತಾರಲ್ಲ... ಹಂಗೆ. ಕಿವಿ ಹತ್ರಾನೇ... ಬಿಸಿಬಿಸಿ..."

"ನಂಗೇನೂ ಕೇಳಿಸ್ಲಿಲ್ವಲ್ಲೇ," ಎಂದ ಅಂತೋಣಿ.

ನಾನು ವೈರು ಎತ್ತಿ ತೋರಿಸಿದೆ. ಪುಟ್ಟರಾಜುವಿನ ಮುಖ ಒಂದು ಗಳಿಗೆ ಬಿಳಿಚಿತು. ಆಮೇಲೆ ನನ್ನನ್ನು ಪಕ್ಕಕ್ಕೆ ಎಳೆದು, "ಕೇಳಿಸ್ತು ಅಂದ್ಲಲ್ಲ? ಅಂಗೇ ಕಳ್ಸು. ಗಿರಾಕಿಗಳು ಕಾಯ್ತಾವ್ರೆ," ಎಂದ.

ಅಂಥ ಹೊತ್ತಿನಲ್ಲೂ ವ್ಯಾಪಾರ! ಡಬ್ಬಕ್ಕಿಂತ ಆ ಮನುಷ್ಯನೇ ಹೆಚ್ಚು ನಾರುತ್ತಿದ್ದಾನೆ ಅನಿಸಿತು. ಡಬ್ಬ ಕಿತ್ತು ಮೋರಿಗೆ ಎಸೆದೆ. ಷೋಕೇಸಿನಲ್ಲಿ ತೋರಿಕೆಗೆಂದು ಇಟ್ಟಿದ್ದ ಒಂದೇ ಒಂದು ಹೊಸದನ್ನು ಅವನ ಕಣ್ಣೆದುರೇ ಬಿಗಿದು, ಫಿಲೋಮಿನಾಳ ಜೊತೆ ನಾನೇ ನಡೆದು ನೋಡಿದೆ. ಗುಂಯ್ ಎಂದಿತು, ಆಕೆ ಸರಿದಳು. ಅವತ್ತೇ ಆ ಕೆಲಸಕ್ಕೆ ಕೈಮುಗಿದೆ.

ಮೊನ್ನೆ ಅಂತೋಣಿ ಸಿಕ್ಕಿದ. ಹೊಸ ಡಬ್ಬ ಹೇಗಿದೆ ಎಂದು ಕೇಳಿದೆ.

"ಅದು ಸರಿಯಾಗಿದೆ ಅಣ್ಣ. ಗಾಡಿ ಬಂದ್ರೆ ಸರೀತಾಳೆ. ಆದ್ರೆ..." ಅವನು ದನಿ ತಗ್ಗಿಸಿದ. "ಗಾಡಿ ಚಾರ್ಜಿಗೆ ಹಾಕಿ ನಾನ್ ಮನೇಲೇ ಕೂತಿದ್ರೂ, ಅಡುಗೆಮನೇಲಿ ಸೊಪ್ಪು ಸೋಸ್ತಿರೋಳು ತಟಕ್ಕನೆ ಎದ್ದು, ಮೂಗು ಮುಚ್ಕೊಂಡು, ಗೋಡೆಗೆ ಒತ್ಕೊಂಡು ನಿಂತ್ಬುಡ್ತಾಳೆ. ಯಾರಿಗೋ ದಾರಿ ಬಿಡೋ ಹಂಗೆ."

ನಾನು ಸುಮ್ಮನಿರಬೇಕಿತ್ತು. ಯಾಕೆಂದು ಕೇಳಿಬಿಟ್ಟೆ. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ.

"ನಾನೂ ಕೇಳ್ದೆ ಅಣ್ಣ. 'ಹೊರಗೋಗ್ಲಿ ಅಂತ ಸರೀತೀನಿ ಕಣ್ರೀ. ಹೋಗ್ತಾನೇ ಇಲ್ಲ' ಅಂದ್ಲು."