ಕೀಲಿನ ನೀರಿಗೆ ಹುಳಿ

ಎಂಬತ್ತರ ದಶಕದಲ್ಲಿ ನಾನು ರಾಯಚೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದೆ. ದೇವದುರ್ಗದಲ್ಲಿ ಹಾಲು ಮಾರುವ ಶಿವಮ್ಮ ಹೈದರಾಬಾದಿನಲ್ಲಿ ಸೊಂಟದ ಕೀಲು ಬದಲಿಸಿಕೊಂಡು ಬಂದಿದ್ದಳು. ಈಗ ಆ ಕೀಲಿನಲ್ಲೇ ನೋವು. ಒಳಗೆ ಸೋಂಕಾಗಿದೆಯೇ ಎಂದು ತಿಳಿಯಲು ಡಾಕ್ಟರು ಕೀಲಿನ ನೀರು ತೆಗೆದು ನನ್ನ ಕಡೆ ಕಳಿಸಿದರು. ದಿನಾ ರಕ್ತಕ್ಕೆ ಬೆರೆಸುವ ದ್ರಾವಣವನ್ನೇ ಇದಕ್ಕೂ ಬೆರೆಸಿ, ಸೋಂಕಿದ್ದರೆ ಹೆಚ್ಚಾಗುವ ಬಿಳಿ ರಕ್ತಕಣಗಳನ್ನು ಎಣಿಸಲು ಕೂತೆ. ಕಣಗಳೇ ಕಾಣಲಿಲ್ಲ. 'ಸೋಂಕಿಲ್ಲ' ಎಂದು ಬರೆಯಲು ಪೆನ್ನು ತೆಗೆದೆ.

ಕೋಲೂರಿ ಬಾಗಿಲಲ್ಲಿ ನಿಂತಿದ್ದ ಶಿವಮ್ಮ ನನ್ನ ಮುಂದಿದ್ದ ಗಾಜಿನ ಕೊಳವೆ ನೋಡಿ, "ಯಪ್ಪಾ, ಅದು ಒಡದದ ನೋಡ್ರಿ. ಹುಳಿ ಏನರ ಹಾಕೀರೇನು?" ಎಂದಳು.

"ಇದು ಹಾಲಲ್ಲ ಬಿಡು ಯವ್ವಾ" ಎಂದು ರೇಗಿದೆ. ರೇಗಿದ ಮೇಲೆ ಹೊಳೆಯಿತು: ಆ ದ್ರಾವಣದಲ್ಲಿ ಇರುವುದೇ ವಿನೆಗರಿನ ಹುಳಿ! ಅದಕ್ಕೆ ಕೀಲಿನ ನೀರು ಗರಣೆಗಟ್ಟಿ ಕಣಗಳನ್ನೆಲ್ಲ ಒಳಗೆ ಹಿಡಿದುಕೊಂಡಿತ್ತು. ಉಳಿದಿದ್ದ ನೀರಿಗೆ ಸಲೈನ್ ಬೆರೆಸಿ ನೋಡಿದರೆ ಕಾಲಿಡಲು ಜಾಗವಿಲ್ಲದಷ್ಟು ಕಣಗಳು. ಡಾಕ್ಟರು ಅವತ್ತೇ ಅವಳನ್ನು ಹೈದರಾಬಾದಿಗೆ ಕಳಿಸಿದರು. ಕಾಲು ಉಳಿಯಿತು.

ಕೆಲವು ತಿಂಗಳ ಮೇಲೆ ಅವಳು ನಡೆದುಕೊಂಡೇ ಬಂದಳು. ಕೈಮುಗಿಯಬೇಕಾದವನು ನಾನು, ಆದರೆ ಅವಳೇ ನನಗೆ ಕೈಮುಗಿದು, ತಂಬಿಗೆ ತುಂಬ ಹಾಲು ಮೇಜಿನ ಮೇಲಿಟ್ಟಳು.

"ಹುಳಿ ಹಾಕೂದಿದ್ರ ಇನ್ನ ಮ್ಯಾಲೆ ಇದಕ್ಕ ಹಾಕ್ರಿ, ಯಪ್ಪಾ."