ಏನೂ ಬೆರೆಸದ ಪುಡಿ

ಕಡೂರಿನಲ್ಲಿ ನಾನು ಮೊದಲ ಸಲ ಕಾಫಿ ಬೀಜ ಹುರಿದ ದಿನ ಬೀದಿಯ ಜನ ಕೊಡಪಾನದಲ್ಲಿ ನೀರು ಹಿಡಿದು ಓಡಿ ಬಂದರು. ಹಿತ್ತಲಿನ ಶೆಡ್ಡಿನಿಂದ ಎದ್ದ ಹೊಗೆ ನೋಡಿ ಮನೆಗೆ ಬೆಂಕಿ ಬಿದ್ದಿದೆ ಅಂದುಕೊಂಡಿದ್ದರು. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಕಾಫಿ ಹುರಿದರೆ ಹೀಗಾಗುತ್ತದೆಂದು ನನಗೇನು ಗೊತ್ತು? ಅವರ ಗಾಬರಿ ನೋಡಿ ನನಗೂ ಗಾಬರಿಯಾಗಿ ಯಂತ್ರ ಆರಿಸಿಬಿಟ್ಟೆ. ಅರ್ಧ ಹುರಿದ ಬೀಜವೆಲ್ಲ ಹಾಳಾಯಿತು.

ನಾನು ಹುಟ್ಟಾ ಪುಕ್ಕಲಿ. ತವರೂರು ಕಲಬುರಗಿಯಲ್ಲಿ ಗೆಳತಿಯರಾದ ನಿಮ್ಮ ನಡುವೆ ಇದ್ದಾಗ ಅದು ಅಷ್ಟು ಗೊತ್ತಾಗುತ್ತಿರಲಿಲ್ಲ. ಯಜಮಾನರಿಗೆ ರೈಲ್ವೆಯಲ್ಲಿ ಇಲ್ಲಿಗೆ ವರ್ಗವಾದ ಮೇಲೆ ಪ್ರತಿಯೊಂದಕ್ಕೂ ಹೆದರತೊಡಗಿದೆ. ನಮ್ಮ ಜೋಳದ ರೊಟ್ಟಿಯನ್ನು ಎಷ್ಟು ಅಗಿದರೆ ಅಷ್ಟು ರುಚಿ. ಇಲ್ಲಿನ ರಾಗಿಮುದ್ದೆಯನ್ನು ಅಗಿಯಲೇಬಾರದು, ನುಂಗಬೇಕು. ಗಂಟಲಿಗೆ ಸಿಕ್ಕಿಕೊಂಡರೆ ಯಾರನ್ನು ಕರೆಯಲಿ ಎಂದು ಹೆದರಿ ಎಷ್ಟೋ ದಿನ ಅನ್ನವನ್ನೇ ಉಂಡೆ.

ಬಾಡಿಗೆ ಮನೆ ಸಿಗುವುದೂ ಕಷ್ಟವಾಯಿತು. ಹುರಿಯುವ ಯಂತ್ರ, ಬೀಸುವ ಯಂತ್ರ ಎಂದ ಕೂಡಲೇ ಮಾಲೀಕರು ಬಾಗಿಲು ಹಾಕುತ್ತಿದ್ದರು. ಒಪ್ಪಿದವಳು ಸಾಕಜ್ಜಿ ಒಬ್ಬಳೇ. ಹತ್ತಿರದ ಯಗಟಿ ಊರಿನವಳು, ಮಾತಿನಮಲ್ಲಿ. ಹಿಂದೆ ಕುರಿ ಕಟ್ಟುತ್ತಿದ್ದ ಶೆಡ್ಡನ್ನು ನನಗೆ ಬಿಟ್ಟುಕೊಟ್ಟಳು. ಮನೆಯ ಒಂದು ಭಾಗದಲ್ಲಿ ಅವಳು, ಮಗ ನಾಗರಾಜ, ಇನ್ನೊಂದರಲ್ಲಿ ನಾವು. ನಡುವೆ ಒಂದೇ ಗೋಡೆ. "ಟೀ ಕುಡಿಯೋ ಊರಿಂದ ಬಂದು ನಮಗೇ ಕಾಫಿ ಮಾರ್ತೀಯಲ್ಲೇ" ಎಂದು ದಿನಾ ಆಡಿಕೊಳ್ಳುವಳು.

ಹೌದು, ನಾನು ಮಾರುವುದು ಎಸ್ಪ್ರೆಸೊ ಪುಡಿ. ಹೆದ್ದಾರಿಯ ಹೋಟೆಲುಗಳಲ್ಲಿ ಈಗ ಉಗಿಯ ಒತ್ತಡದಿಂದ ಕಾಫಿ ಇಳಿಸುವ ಯಂತ್ರಗಳಿವೆ. ಅವುಗಳಿಗೆ ಕಪ್ಪಗೆ ಹುರಿದು ಗಂಧದಂತೆ ನುಣ್ಣಗೆ ಬೀಸಿದ ಅಪ್ಪಟ ಪುಡಿಯೇ ಬೇಕು. ಬೀಜ ಬರುವುದು ಮೇಲಿನ ಬೆಟ್ಟಗಳಿಂದ, ಬಸ್ಸಿನಲ್ಲಿ ಗಂಟೆಯ ಹಾದಿ. ಆದರೆ ಇಲ್ಲಿಯ ಮನೆಗಳಲ್ಲಿ ಅಪ್ಪಟ ಕಾಫಿ ಕುಡಿಯುವವರು ಕಡಿಮೆ. ಪುಡಿ ಅಂಗಡಿಯಲ್ಲಿ ಮೊದಲ ಪ್ರಶ್ನೆಯೇ "ಚಿಕೋರಿ ಎಷ್ಟು ಹಾಕ್ಲಿ?" ಚಿಕೋರಿ ಎಂದರೆ ಹುರಿದು ಪುಡಿಮಾಡಿದ ಒಂದು ಬೇರು. ಅದು ಬೆರೆತರೆ ಕಾಫಿಗೆ ಕಪ್ಪು ಬಣ್ಣ ಬರುತ್ತದೆ, ಮಂದವಾಗುತ್ತದೆ, ಆದರೆ ಎದೆ ಬಡಿಸುವ ಕಾಫಿಯ ಕಸುವು ಕಡಿಮೆಯಾಗುತ್ತದೆ.

ಗೌರಿ ಹಬ್ಬದ ಹಿಂದಿನ ದಿನ ಹಬ್ಬದ ಕಾಣಿಕೆಯೆಂದು ಸಾಕಜ್ಜಿಗೆ ನನ್ನ ಪುಡಿಯ ಒಂದು ಪೊಟ್ಟಣ ಕೊಟ್ಟೆ. ಏನೂ ಬೆರೆಸಿಲ್ಲ ಅಜ್ಜಿ, ಅಪ್ಪಟ, ಎಂದು ಬೀಗಿದೆ. ಎಷ್ಟು ಹಾಕಬೇಕೆಂದು ಹೇಳಲಿಲ್ಲ. ಕಾಫಿ ಸೀಮೆಯ ಮುದುಕಿಗೆ ಚಹಾ ಸೀಮೆಯವಳು ಕಾಫಿ ಮಾಡುವುದನ್ನು ಹೇಳಿಕೊಡುವುದೇ ಎಂದು ಸಂಕೋಚಪಟ್ಟೆ. ಆ ಸಂಕೋಚ ಒಂದು ಜೀವ ತೆಗೆಯುವುದರಲ್ಲಿತ್ತು.

ಅವಳ ಕಾಫಿ ಹಳೇ ಕಾಲದ್ದು. ಪಾತ್ರೆಯಲ್ಲಿ ಬೆಲ್ಲದ ನೀರು ಕುದಿಸಿ, ಮುಷ್ಟಿಯಲ್ಲಿ ಪುಡಿ ಹಾಕಿ, ಬಟ್ಟೆಯಲ್ಲಿ ಸೋಸುವುದು. ಆ ಮುಷ್ಟಿ ಚಿಕೋರಿ ಪುಡಿಗೆ ಪಳಗಿದ ಮುಷ್ಟಿ. ಮರುದಿನ ಬೆಳಿಗ್ಗೆ ಬಣ್ಣ ಸಾಲದೆಂದು ಇನ್ನೊಂದು ಮುಷ್ಟಿ ಹಾಕಿದ್ದಾಳೆ. ನನ್ನ ಪುಡಿ ಎಷ್ಟು ನುಣುಪೆಂದರೆ ಬಟ್ಟೆಯಲ್ಲೂ ನಿಲ್ಲದೆ ಲೋಟಕ್ಕೆ ಇಳಿದಿದೆ. ಹಬ್ಬವೆಂದು ಎರಡು ಲೋಟ ಕುಡಿದಿದ್ದಾಳೆ.

ಸ್ವಲ್ಪ ಹೊತ್ತಿಗೆ ನಾಗರಾಜ ನಮ್ಮ ಬಾಗಿಲು ಬಡಿದ. "ಅವ್ವ ಎದೆ ಹಿಡ್ಕಂಡ್ ಕುಂತವ್ಳೆ. ಏನ್ ಬೆರ್ಸಿದ್ರಿ ಅದ್ರೊಳಗೆ?"

ಉತ್ತರಕ್ಕೂ ಕಾಯದೆ ಅವನು ತಾಯಿಯನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದ. ಹೊಸ ಸೀರೆ ಉಟ್ಟ ಬೀದಿಯ ಹೆಂಗಸರು ಗುಂಪುಗೂಡಿ ನಮ್ಮ ಬಾಗಿಲನ್ನೇ ನೋಡುತ್ತಿದ್ದರು. ಯಜಮಾನರು ಡ್ಯೂಟಿಯಲ್ಲಿದ್ದರು, ಫೋನ್ ಎತ್ತಲಿಲ್ಲ. ಏನೂ ಬೆರೆಸಿಲ್ಲವೆಂದು ಗೊತ್ತಿದ್ದರೂ ಕೈಯಾರೆ ಬೀಸಿದ ಪುಡಿಯ ಮೇಲೇ ನನಗೆ ಅನುಮಾನ ಬಂತು. ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು ನೋಡಿದೆ. ಬರೀ ಕಾಫಿ. ಅಜ್ಜಿ ಸತ್ತರೆ ನಾನು ಈ ಊರಿನಲ್ಲಿ ಕೊಲೆಗಾತಿಯಾಗುತ್ತೇನೆ ಎಂದುಕೊಂಡೆ. ಹೆದರುತ್ತಲೇ ಅದೇ ಪುಡಿಯ ಪೊಟ್ಟಣ ಹಿಡಿದು ಆಸ್ಪತ್ರೆಗೆ ನಡೆದೆ.

ಡಾಕ್ಟರಮ್ಮ ಪುಡಿ ಮೂಸಿ ನೋಡಿ, ಎಷ್ಟು ಹಾಕಿದ್ದರೆಂದು ಕೇಳಿ, ಹಣೆ ಚಚ್ಚಿಕೊಂಡರು. ಕಾಫಿ ಅತಿಯಾಗಿ ಎದೆಬಡಿತ ವಿಪರೀತ ಏರಿದೆ, ವಯಸ್ಸಾದ ಜೀವ, ಎರಡು ದಿನ ಇಲ್ಲೇ ಇರಲಿ ಎಂದರು. ನಾಗರಾಜ ನನ್ನ ಮುಖ ನೋಡದೆ, ಅವ್ವ ಮೊದಲು ಮನೆಗೆ ಬರಲಿ, ಬಾಡಿಗೆಯ ವಿಷಯ ಆಮೇಲೆ ಮಾತಾಡೋಣ ಎಂದ. ಮನೆ ಬಿಡಿ ಎನ್ನುವುದಕ್ಕೆ ಅದು ಪೀಠಿಕೆ ಎಂದು ನನಗೆ ಅರ್ಥವಾಯಿತು.

ಮಂಚದ ಮೇಲಿನಿಂದ ಸಾಕಜ್ಜಿ ಕೈಸನ್ನೆ ಮಾಡಿ ಕರೆದಳು. ಅವಳ ಬೆರಳು ಇನ್ನೂ ಅದುರುತ್ತಿದ್ದವು.

"ದಿಟ ಹೇಳು. ಏನ್ ಬೆರ್ಸಿದ್ದೆ?"

"ದೇವರಾಣೆ ಏನೂ ಬೆರೆಸಿಲ್ಲ ಅಜ್ಜಿ."

"ಅದೇ ಕಣೇ ನೀ ಮಾಡಿದ್ ತಪ್ಪು" ಎಂದಳು. "ಬೆರ್ಸಿದ್ದು ಕುಡ್ದೇ ಬೆಳ್ದ ಜೀವ ಇದು. ಮೊದ್ಲೇ ಒಂದ್ ಮಾತು ಹೇಳ್ಬಾರ್ದಾ?"

ಹೇಳಬೇಕಿತ್ತು. ಅವಳ ಕಾಲ ಬಳಿ ಕುಳಿತು ಅತ್ತುಬಿಟ್ಟೆ.

ಮನೆಗೆ ಬಂದ ದಿನ ಅವಳು ಒಳಗೆ ಹೋಗಲಿಲ್ಲ, ಜಗುಲಿಯ ಮೇಲೆ ಕುಳಿತಳು. ನೋಡಲು ಇಡೀ ಬೀದಿ ಸೇರಿತು. ಅಷ್ಟೂ ಜನರೆದುರು, ನಿನ್ನ ಪುಡಿಯ ಕಾಫಿ ತಾ ಎಂದಳು. ನಾನು ಆಗುವುದಿಲ್ಲ ಎಂದೆ. ನಾಗರಾಜನೂ ಬೇಡವೆಂದು ಗದರಿದ. ಡಾಕ್ಟರಮ್ಮನೇ ದಿನಕ್ಕೆ ಅರ್ಧ ಲೋಟ ಕುಡಿ ಎಂದಿದ್ದಾರೆ, ನೀನು ಸುಮ್ಮನಿರು ಎಂದು ಅವನ ಬಾಯಿ ಮುಚ್ಚಿಸಿ, ನನ್ನನ್ನು ಹತ್ತಿರ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು: "ಈಗ ನಾ ಕುಡೀದಿದ್ರೆ ನೀನು ಈ ಬೀದೀಲಿ ಬಾಳಕ್ಕಾಗಲ್ಲ ಕಣೇ. ಒಂದ್ ಚಮಚ ಹಾಕಿ ತಗಂಬಾ."

ಒಂದು ಚಮಚ ಹಾಕಿದೆ. ಅದರಲ್ಲೂ ಸ್ವಲ್ಪ ವಾಪಸ್ ತೆಗೆದೆ. ಅವಳು ಗುಟುಕರಿಸುವಾಗ ನನ್ನ ಕಣ್ಣು ಅವಳ ಎದೆಯ ಏರಿಳಿತದ ಮೇಲೇ ಇತ್ತು. ಕುಡಿದು ಮುಗಿಸಿ, ಸಪ್ಪೆ ಎಂದು ಮುಖ ಕಿವುಚಿದಳು. ಹೆಂಗಸರು ನಕ್ಕರು. ಬಾಡಿಗೆಯ ವಿಷಯವನ್ನು ನಾಗರಾಜ ಮತ್ತೆ ಎತ್ತಲಿಲ್ಲ.

ಈಗ ಪ್ರತಿ ಪೊಟ್ಟಣದ ಮೇಲೂ ಅಳತೆ ಬರೆದು ಅಂಟಿಸುತ್ತೇನೆ. ಆದರೂ ಯಾರಾದರೂ ಜೋರಾಗಿ ಬಾಗಿಲು ಬಡಿದರೆ ಮೊದಲು ಯಂತ್ರ ಆರಿಸಿ ಆಮೇಲೆ ತೆರೆಯುತ್ತೇನೆ. ಬೆಳಿಗ್ಗೆ ಅಜ್ಜಿಯ ಅರ್ಧ ಲೋಟ ಕಾಫಿ ನಾನೇ ಮಾಡಿಕೊಡುತ್ತೇನೆ. ಅವಳು ಲೋಟ ತೊಳೆದು ಕಲ್ಲಿನ ಮೇಲೆ ಬೋರಲು ಹಾಕುವ ಸದ್ದು ಗೋಡೆಯಾಚೆ ಕೇಳಿದ ಮೇಲೆಯೇ ಯಂತ್ರ ಹಚ್ಚುವುದು.

ಹೋದ ತಿಂಗಳು ಕಲಬುರಗಿಗೆ ಬಂದಿದ್ದಾಗ ನಸುಕಿಗೇ ಎಚ್ಚರವಾಗಿ ಗೋಡೆಗೆ ಕಿವಿ ಕೊಟ್ಟು ಕುಳಿತೆ. ಏನೂ ಕೇಳಿಸಲಿಲ್ಲ. ಇದು ತವರುಮನೆ ಎಂದು ಗೊತ್ತಿದ್ದರೂ ಹೆದರಿಕೆ ಹೋಗಲಿಲ್ಲ, ನಾಗರಾಜನಿಗೆ ಫೋನ್ ಹಚ್ಚಿದೆ. ಅವನ ಕೈಯಿಂದ ಅಜ್ಜಿ ಫೋನ್ ಕಸಿದುಕೊಂಡಳು. "ಯಾವಾಗ್ ಬತ್ತೀಯೇ? ನಾಳೇನೇ ಬಂದ್ಬುಡು."

ಬಾಗಿಲಲ್ಲಿ ನಮ್ಮವ್ವ ಚಹಾದ ಕಪ್ಪು-ಬಸಿ ಹಿಡಿದು ನಿಂತಿದ್ದಳು. "ಇನ್ನೆರಡು ದಿನ ಇದ್ದು ಹೋಗವ್ವಾ."

ನಾನು ಇಬ್ಬರಿಗೂ ಹೂಂ ಅಂದೆ.